ಹನ್ನೆರಡು ದಿನದ ಪಾಲುದಾರ

1976ರ ಏಪ್ರಿಲ್ 1ರಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೂವರು ಒಂದು ಕರಾರು ಪತ್ರಕ್ಕೆ ಸಹಿ ಹಾಕಿದರು. 21 ವರ್ಷದ ಸ್ಟೀವ್ ಜಾಬ್ಸ್, 25ರ ಸ್ಟೀವ್ ವೋಜ್ನಿಯಾಕ್ ಮತ್ತು 41ರ ರೊನಾಲ್ಡ್ ವೇಯ್ನ್. ಹುಟ್ಟಿಕೊಂಡ ಸಂಸ್ಥೆಯ ಹೆಸರು ಆಪಲ್ ಕಂಪ್ಯೂಟರ್. ಮೊದಲಿನ ಇಬ್ಬರನ್ನು ಜಗತ್ತು ಬಲ್ಲದು. ಮೂರನೆಯವರು ಹನ್ನೆರಡೇ ದಿನದಲ್ಲಿ ಹೊರಬಂದರು. ತಮ್ಮ ಪಾಲಿಗೆ 800 ಡಾಲರ್ ಪಡೆದರು. ಅವರನ್ನು ಜಗತ್ತಿನ ಮಹಾ ನತದೃಷ್ಟ ಎಂದು ಬಣ್ಣಿಸುವ ಬರಹಗಳಿಗೆ ಬರವಿಲ್ಲ. ಆದರೆ ಅವರು ಹೊರಬಂದದ್ದೇಕೆ ಎಂದು ಕೆದಕಿದರೆ ಸಿಗುವುದು ಅದೃಷ್ಟದ ಕತೆಯಲ್ಲ, ಕಾನೂನಿನ ಕತೆ.

ವೇಯ್ನ್ ಮತ್ತು ಜಾಬ್ಸ್ ಇಬ್ಬರೂ ಅಟಾರಿ ಎಂಬ ವಿಡಿಯೊ ಗೇಮ್ ಕಂಪೆನಿಯಲ್ಲಿ ದುಡಿಯುತ್ತಿದ್ದವರು. ವೋಜ್ನಿಯಾಕ್ ಹ್ಯೂಲೆಟ್ ಪ್ಯಾಕರ್ಡ್‌ನಲ್ಲಿ ಎಂಜಿನಿಯರ್. ತಾನು ರೂಪಿಸಿದ ವಿದ್ಯುನ್ಮಾನ ಮಂಡಲಗಳು ತನ್ನವು, ಅವನ್ನು ಬೇರೆಡೆಯೂ ಬಳಸಬಹುದು ಎಂಬುದು ವೋಜ್ನಿಯಾಕ್ ವಾದವಾಗಿತ್ತು. ವಿನ್ಯಾಸ ಸಂಸ್ಥೆಯ ಸ್ವತ್ತಾಗದಿದ್ದರೆ ಸಂಸ್ಥೆಯಲ್ಲಿ ಉಳಿಯುವುದಾದರೂ ಏನು? ಹಿರಿಯರಾದ ವೇಯ್ನ್ ತಮ್ಮ ಮನೆಯಲ್ಲಿ ಕೂರಿಸಿಕೊಂಡು ಇದನ್ನು ಮನಗಾಣಿಸಿದರು. ಆ ಮಧ್ಯಸ್ಥಿಕೆಗೆ ಸಿಕ್ಕ ಪ್ರತಿಫಲವೇ ಪಾಲುದಾರಿಕೆ. ಇಬ್ಬರು ಸ್ಟೀವ್‌ಗಳಿಗೆ ತಲಾ ಶೇಕಡ 45, ವೇಯ್ನ್‌ಗೆ ಶೇಕಡ 10. ಗೆಳೆಯರಿಬ್ಬರಲ್ಲಿ ಜಗಳ ಬಂದರೆ ಮೂರನೆಯವರ ಮತವೇ ನಿರ್ಣಾಯಕ. ನೂರು ಡಾಲರಿಗಿಂತ ಹೆಚ್ಚಿನ ಖರ್ಚಿಗೆ ಇಬ್ಬರ ಒಪ್ಪಿಗೆ ಬೇಕು ಎಂಬ ಷರತ್ತೂ ಇತ್ತು. ಕರಾರು ಪತ್ರವನ್ನು ಟೈಪ್ ಮಾಡಿದವರೂ, ಸೇಬಿನ ಮರದಡಿ ಕುಳಿತ ನ್ಯೂಟನ್‌ನ ಮೊದಲ ಲಾಂಛನ ಬರೆದವರೂ ವೇಯ್ನ್ ಅವರೇ.

ವೋಜ್ನಿಯಾಕ್ ಎಚ್ಚರದಿಂದ ಮಾಡಿದ ಇನ್ನೊಂದು ಕೆಲಸವಿದೆ. ಸಂಬಳಕ್ಕಿರುವ ನೌಕರನ ಆವಿಷ್ಕಾರದ ಮೇಲೆ ಧಣಿ ಹಕ್ಕು ಹೂಡಬಹುದಷ್ಟೆ. ಹಾಗಾಗಿ ಅವರು ತಮ್ಮ ಕಂಪ್ಯೂಟರನ್ನು ಮೊದಲು ಹ್ಯೂಲೆಟ್ ಪ್ಯಾಕರ್ಡ್‌ಗೇ ಒಪ್ಪಿಸಲು ನೋಡಿದರು. ಅವರಿಗೆ ಬೇಡವಾಯಿತು. ನಮ್ಮದೇನೂ ಹಕ್ಕಿಲ್ಲ ಎಂದು ಕಂಪೆನಿ ಬರೆದುಕೊಟ್ಟಿತು. ಮುಂದೆ ಆಪಲ್ ಬೆಳೆದಾಗ ಆ ಚೀಟಿ ಇಲ್ಲದಿದ್ದರೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗುತ್ತಿತ್ತೇನೋ.

ಅಷ್ಟರಲ್ಲಿ ಬೈಟ್ ಷಾಪ್ ಎಂಬ ಅಂಗಡಿಯಿಂದ ಮೊದಲ ದೊಡ್ಡ ಬೇಡಿಕೆ ಬಂತು. ಐವತ್ತು ಕಂಪ್ಯೂಟರು, ಒಂದಕ್ಕೆ 500 ಡಾಲರ್. ಹಣ ಬರುವುದು ಮಾಲು ಒಪ್ಪಿಸಿದ ಮೇಲೆ. ಬಿಡಿಭಾಗ ಕೊಳ್ಳಲು ಕೈಯಲ್ಲಿ ಕಾಸಿಲ್ಲ. ಜಾಬ್ಸ್ ಸುಮಾರು 15,000 ಡಾಲರಿನ ಸಾಮಾನನ್ನು 30 ದಿನದ ಉದ್ದರಿಯಲ್ಲಿ ಎತ್ತಿದರು.

ವೇಯ್ನ್ ಬೆಚ್ಚಿದ್ದು ಇಲ್ಲಿ. ಅದು ಕಂಪೆನಿಯಲ್ಲ, ಸಾಮಾನ್ಯ ಪಾಲುದಾರಿಕೆ. ಸಂಸ್ಥೆ ಮಾಡಿದ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರನೂ ತನ್ನ ಸ್ವಂತ ಆಸ್ತಿಯಿಂದ ಪೂರ್ತಿ ಹೊಣೆ. ಲಾಭದಲ್ಲಿ ಪಾಲು ಹತ್ತಾದರೂ ಸಾಲದಲ್ಲಿ ಪಾಲು ನೂರಕ್ಕೆ ನೂರು! ಹುಡುಗರಿಬ್ಬರ ಬಳಿ ಜಪ್ತಿ ಮಾಡಲು ಏನೂ ಇರಲಿಲ್ಲ. ಸಾಲ ಕೊಟ್ಟವರು ಹುಡುಕಿಕೊಂಡು ಬರುವುದು ವೇಯ್ನ್ ಮನೆಗೇ. ಹಿಂದೆ ಸ್ಲಾಟ್ ಮಷೀನ್ ವ್ಯಾಪಾರದಲ್ಲಿ ಕೈ ಸುಟ್ಟುಕೊಂಡಿದ್ದವರು ಅವರು. ಏಪ್ರಿಲ್ 12ರಂದು ಸಾಂತಾ ಕ್ಲಾರಾದ ಕಚೇರಿಗೆ ಹೋಗಿ ಪಾಲುದಾರಿಕೆಯಿಂದ ಹೆಸರು ತೆಗೆಸಿಕೊಂಡರು. ಮುಂದೆ ಯಾವ ಹಕ್ಕನ್ನೂ ಕೇಳುವುದಿಲ್ಲ ಎಂದು ಬರೆದುಕೊಟ್ಟದ್ದಕ್ಕೆ ಆಮೇಲೆ ಇನ್ನೂ 1,500 ಡಾಲರ್ ಬಂತು.

ಈ ಭಯಕ್ಕೆ ಮದ್ದು ಅಷ್ಟರಲ್ಲಾಗಲೇ ನೂರಿಪ್ಪತ್ತು ವರ್ಷ ಹಳೆಯದಾಗಿತ್ತು. ಇಂಗ್ಲೆಂಡ್ 1855ರಲ್ಲಿ ಷೇರುದಾರರ ಹೊಣೆಗೆ ಮಿತಿ ಹಾಕುವ ಕಾಯ್ದೆ ತಂದಿತು. ನಮ್ಮಲ್ಲಿ ಅದು 1857ರಲ್ಲಿ ಬಂತು. ಕಂಪೆನಿಗಳ, ಸಹಕಾರ ಸಂಘಗಳ ಬೋರ್ಡಿನಲ್ಲಿ ಹೆಸರಿನ ಕೊನೆಗೆ ಕಾಣುವ ‘ನಿಯಮಿತ’ ಎಂಬ ಪದದ ಅರ್ಥವೇ ಇದು: ಹಾಕಿದ ಹಣ ಹೋಗಬಹುದು, ಮನೆ ಹೋಗುವುದಿಲ್ಲ. ಲಂಡನ್ನಿನ ಬೂಟು ವ್ಯಾಪಾರಿ ಆರನ್ ಸಾಲೊಮನ್ ತನ್ನ ಕಂಪೆನಿಯ 20,007 ಷೇರುಗಳಲ್ಲಿ 20,001ನ್ನು ತಾನೇ ಇಟ್ಟುಕೊಂಡಿದ್ದ. ಕಂಪೆನಿ ದಿವಾಳಿಯಾದಾಗ ಅದರ ಸಾಲ ಆತನದೇ ಎಂದು ಕೆಳಗಿನ ನ್ಯಾಯಾಲಯಗಳು ಹೇಳಿದರೂ, ಕಂಪೆನಿಯೇ ಬೇರೆ, ಒಡೆಯನೇ ಬೇರೆ ಎಂದು ಹೌಸ್ ಆಫ್ ಲಾರ್ಡ್ಸ್ 1896ರಲ್ಲಿ ತೀರ್ಪಿತ್ತಿತು. ಇತ್ತ ಭಾರತದ 1932ರ ಪಾಲುದಾರಿಕೆ ಕಾಯ್ದೆಯಡಿ ನಡೆಯುವ ಸಂಸ್ಥೆಗಳಲ್ಲಿ ಇಂದಿಗೂ ವೇಯ್ನ್ ಹೆದರಿದಂಥದೇ ಹೊಣೆಯಿದೆ. ಅದರಿಂದ ತಪ್ಪಿಸಿಕೊಳ್ಳಲು 2008ರಲ್ಲಿ ಸೀಮಿತ ಹೊಣೆಯ ಪಾಲುದಾರಿಕೆಗೆಂದೇ ಇನ್ನೊಂದು ಕಾಯ್ದೆ ಬಂತು.

ಆಪಲ್ ಕಂಪೆನಿಯಾಗಿ ನೋಂದಣಿಯಾದದ್ದು 1977ರ ಜನವರಿ 3ರಂದು. ಎರಡೂವರೆ ಲಕ್ಷ ಡಾಲರಿನ ಬೆಂಬಲದೊಂದಿಗೆ ಮೈಕ್ ಮಾರ್ಕುಲಾ ಸೇರಿದರು. ಜಾಬ್ಸ್, ವೋಜ್ನಿಯಾಕ್, ಮಾರ್ಕುಲಾ ತಲಾ ಶೇಕಡ 26. ಉಳಿದದ್ದು ಮುಂದೆ ಬರುವ ಹೂಡಿಕೆದಾರರಿಗೆ. ಒಂದೇ ವರ್ಷದೊಳಗೆ 45 ಇದ್ದದ್ದು 26ಕ್ಕೆ ಇಳಿದಿತ್ತು. 2022ರ ಜನವರಿಯಲ್ಲಿ ಆಪಲ್‌ನ ಷೇರು ಮೌಲ್ಯ ಮೂರು ಲಕ್ಷ ಕೋಟಿ ಡಾಲರ್ ಮುಟ್ಟಿತೆಂದು ಅದರ ಹತ್ತನೇ ಒಂದು ಪಾಲನ್ನು ವೇಯ್ನ್ ಕಳೆದುಕೊಂಡರೆಂದು ಲೆಕ್ಕ ಹಾಕುವವರು ಇದನ್ನು ಮರೆಯುತ್ತಾರೆ. ಹೊಸ ಹಣ ಬಂದಂತೆಲ್ಲ ಹಳೆಯ ಪಾಲು ತೆಳುವಾಗುತ್ತದೆ.

ಕತೆಯ ಇನ್ನೊಂದು ಮಗ್ಗುಲನ್ನು ಹೇಳುವವರು ಕಡಿಮೆ. ವೇಯ್ನ್ ಹೊರಗೆ ಹೋದರೂ ಆ ಶೇಕಡ 10ನ್ನು ಬಿಟ್ಟುಕೊಡದಿದ್ದರೆ? ಹನ್ನೆರಡು ದಿನ ದುಡಿದವರೊಬ್ಬರು ಹತ್ತನೇ ಒಂದು ಪಾಲು ಹಿಡಿದು ಕೂತಿದ್ದರೆ ಮಾರ್ಕುಲಾ ಹಣ ಹಾಕುತ್ತಿದ್ದರೇ? ಈಗಿನ ನವೋದ್ಯಮಗಳಲ್ಲಿ ಸ್ಥಾಪಕರ ಷೇರು ಒಮ್ಮೆಗೇ ಕೈಗೆ ಬರುವುದಿಲ್ಲ. ಸಾಮಾನ್ಯವಾಗಿ ನಾಲ್ಕು ವರ್ಷದಲ್ಲಿ ಕಂತುಕಂತಾಗಿ ಪಕ್ವವಾಗುತ್ತದೆ; ಮೊದಲ ವರ್ಷ ಮುಗಿಯುವ ಮೊದಲೇ ಬಿಟ್ಟರೆ ಏನೂ ಇಲ್ಲ. 1976ರ ಕರಾರಿನ ಆ ಕೊರತೆಯನ್ನು ತುಂಬಿದ್ದು ವೇಯ್ನ್ ಬರೆದುಕೊಟ್ಟ ಕಾಗದ. ತಮಗೆ ವಿಷಾದವಿಲ್ಲ ಎಂದು ಅವರು ಹಲವು ಬಾರಿ ಹೇಳಿದ್ದಾರೆ. ಆದರೆ ತಮ್ಮಲ್ಲಿದ್ದ ಮೂಲ ಕರಾರು ಪತ್ರವನ್ನು 1990ರ ದಶಕದಲ್ಲಿ 500 ಡಾಲರಿಗೆ ಮಾರಿದ್ದರು. 2011ರ ಡಿಸೆಂಬರಿನಲ್ಲಿ ಸೋತ್‌ಬೀಸ್ ಹರಾಜಿನಲ್ಲಿ ಅದಕ್ಕೆ ಸುಮಾರು 16 ಲಕ್ಷ ಡಾಲರ್ ಬಂತು.

1980ರ ಡಿಸೆಂಬರ್ 12ರಂದು ಆಪಲ್ ಷೇರು ತಲಾ 22 ಡಾಲರಿನಂತೆ ಸಾರ್ವಜನಿಕರಿಗೆ ಸಿಕ್ಕಿತು. ರಾತ್ರಿ ಬೆಳಗಾಗುವುದರಲ್ಲಿ ನೂರಾರು ಜನ ಲಕ್ಷಾಧೀಶರಾದರು. ಜಾಬ್ಸ್‌ರ ಕಾಲೇಜು ಗೆಳೆಯ, ಮೊದಲ ದಿನಗಳಿಂದಲೂ ಜೊತೆಗಿದ್ದ ಡೇನಿಯಲ್ ಕೊಟ್ಕೆ ಅವರಲ್ಲಿ ಇರಲಿಲ್ಲ. ಗಂಟೆ ಲೆಕ್ಕದ ಕೂಲಿಯವರೆಂದು ಅವರಿಗೆ ಷೇರಿನ ಹಕ್ಕೇ ಇರಲಿಲ್ಲ, ಜಾಬ್ಸ್ ಕೊಡಲೂ ಇಲ್ಲ. ಕಡೆಗೆ ವೋಜ್ನಿಯಾಕ್ ತಮ್ಮ ಪಾಲಿನಿಂದಲೇ ಕೊಟ್ಕೆಗೆ ಒಂದಷ್ಟು ಷೇರು ಕೊಟ್ಟರು. ಇನ್ನೂ ಹಲವು ನೌಕರರಿಗೆ ಕಡಿಮೆ ಬೆಲೆಗೆ ಮಾರಿದರು.