ವೀರಪ್ಪ ಮೊಯಿಲಿ: ಮಹಿಳಾ ಮೀಸಲಾತಿ ಮತ್ತು 377ನೇ ಕಲಂ

ಮೂಡುಬಿದಿರೆ ಬಳಿಯ ಮಾರ್ಪಾಡಿಯಲ್ಲಿ 1940ರಲ್ಲಿ ಹುಟ್ಟಿದ ಎಂ. ವೀರಪ್ಪ ಮೊಯಿಲಿ ಕಾರ್ಕಳದಲ್ಲಿ ವಕೀಲಿಕೆ ನಡೆಸಿ, 1972ರಲ್ಲಿ ಅಲ್ಲಿಂದಲೇ ಶಾಸಕರಾದರು. ಹೆಣ್ಣಿಗೆ ಅಧಿಕಾರದಲ್ಲಿ ಪಾಲು ಮತ್ತು ಸಲಿಂಗಿಗಳ ಸಮಾನತೆ, ಈ ಎರಡೂ ಪ್ರಶ್ನೆಗಳು ಬೇರೆ ಬೇರೆ ಕಾಲದಲ್ಲಿ ಅವರ ಮೇಜಿಗೆ ಬಂದವು. ಎರಡಕ್ಕೂ ಅವರು ತೋರಿದ ಉತ್ಸಾಹ ಒಂದೇ ಬಗೆಯದಲ್ಲ.

ಪಂಚಾಯಿತಿಯಲ್ಲಿ ಹೆಂಗಸರಿಗೆ ಮೀಸಲಾತಿ ಕರ್ನಾಟಕಕ್ಕೆ ಹೊಸದೇನಲ್ಲ. 1983ರ ಕಾಯ್ದೆಯಲ್ಲೇ ಶೇ 25ರಷ್ಟು ಸ್ಥಾನ ಮೀಸಲಿತ್ತು. ಸಂವಿಧಾನದ 73ನೇ ತಿದ್ದುಪಡಿಯ ಬೆನ್ನಿಗೇ 1993ರ ಪಂಚಾಯತ್ ರಾಜ್ ಕಾಯ್ದೆ ಜಾರಿಗೆ ಬಂದು, ಮೂರನೇ ಒಂದು ಭಾಗ ಸ್ಥಾನ ಹೆಂಗಸರದಾಯಿತು. ಆಗ ಮುಖ್ಯಮಂತ್ರಿ ಮೊಯಿಲಿ.

ಮೊಯಿಲಿಯವರ ಕರಾವಳಿಯಲ್ಲಿ, ಅಳಿಯಸಂತಾನ ಪದ್ಧತಿಯಂತೆ ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತಿತ್ತು. ಕುಟುಂಬದ ಯಜಮಾನಿಕೆ ಹೆಂಗಸಿನ ಕೈಗೆ ಬರುವುದೂ ಇತ್ತು. ವಿಧಾನಸಭೆ, ಲೋಕಸಭೆಗಳ ಮಾತು ಬೇರೆ. ಉಡುಪಿಯಲ್ಲಿ ಮನೋರಮಾ ಮಧ್ವರಾಜ್ 1972ರಿಂದ ಹಲವು ಸಲ ಗೆದ್ದು, ಸಚಿವೆಯೂ ಆಗಿ, 2004ರಲ್ಲಿ ಲೋಕಸಭೆಗೆ ಹೋದರು. ಉಡುಪಿ–ಚಿಕ್ಕಮಗಳೂರಿನಿಂದ 2014 ಮತ್ತು 2019ರಲ್ಲಿ ಶೋಭಾ ಕರಂದ್ಲಾಜೆ ಸಂಸದೆಯಾದರು. ಇಂಥ ಹೆಸರುಗಳನ್ನು ಬೆರಳಲ್ಲಿ ಎಣಿಸಬಹುದು.

2009ರಲ್ಲಿ ಮೊಯಿಲಿ ಕೇಂದ್ರ ಕಾನೂನು ಸಚಿವರಾದರು. ಲೋಕಸಭೆ, ವಿಧಾನಸಭೆಗಳಲ್ಲಿ ಮಹಿಳಾ ಮೀಸಲಾತಿಯ ಮಸೂದೆ 1996ರಲ್ಲಿ ದೇವೇಗೌಡರ ಸರ್ಕಾರ ಮೊದಲು ಮಂಡಿಸಿದ್ದು. ಅಲ್ಲಿಂದ ಮತ್ತೆ ಮತ್ತೆ ಬಿದ್ದಿತ್ತು. 2010ರ ಮಾರ್ಚ್ 8, ಮಹಿಳಾ ದಿನ. ರಾಜ್ಯಸಭೆಯಲ್ಲಿ ಮೊಯಿಲಿ ಅದನ್ನು ಕೈಗೆತ್ತಿಕೊಂಡಾಗ ಕೆಲವು ಸದಸ್ಯರು ಸಭಾಪತಿ ಹಮೀದ್ ಅನ್ಸಾರಿಯವರ ಪೀಠಕ್ಕೇ ನುಗ್ಗಿ ಪ್ರತಿ ಹರಿದು ಎಸೆದರು. ಮರುದಿನ ಏಳು ಮಂದಿ ಅಮಾನತು, ಮಾರ್ಷಲ್‌ಗಳ ಓಡಾಟ. ಕೊನೆಗೆ 186 ಮತ ಪರ, ಒಂದು ವಿರುದ್ಧ. ಲೋಕಸಭೆಯಲ್ಲಿ ಮಾತ್ರ ಅದು ಮತಕ್ಕೇ ಬರಲಿಲ್ಲ. 2014ರಲ್ಲಿ ಸದನದೊಂದಿಗೆ ಮಸೂದೆಯೂ ಮುಗಿಯಿತು.

ಇನ್ನೊಂದು ಕಡತದ ಕಥೆ ಇಷ್ಟು ನೇರವಲ್ಲ. ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ, 1860ರ ದಂಡ ಸಂಹಿತೆಯ 377ನೇ ಕಲಮನ್ನು ಮರುಪರಿಶೀಲಿಸಬೇಕಾದೀತೆಂದು ಮೊಯಿಲಿ 2009ರ ಜೂನ್‌ನಲ್ಲಿ ಸೂಚಿಸಿದರು. ಧಾರ್ಮಿಕ ಮುಖಂಡರು ಸಿಡಿದೆದ್ದರು. ಸಚಿವರ ದನಿ ತಗ್ಗಿತು. ಅಷ್ಟರಲ್ಲಿ ಜುಲೈ 2ರಂದು ದೆಹಲಿ ಹೈಕೋರ್ಟ್, ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲವೆಂದು ತೀರ್ಪಿತ್ತಿತು. ಸರ್ಕಾರ ಮೇಲ್ಮನವಿಗೆ ಹೋಗದೆ, ನಿರ್ಧಾರವನ್ನು ಸುಪ್ರೀಂ ಕೋರ್ಟಿಗೇ ಬಿಟ್ಟಿತು. ಇದನ್ನು ಬೆಂಬಲ ಎನ್ನಬಹುದು. ಆದರೆ ಸಂಸತ್ತಿನಲ್ಲಿ ಎದ್ದು ನಿಂತು ಹೇಳಿದ ಬೆಂಬಲವಲ್ಲ. 2013ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟಿನ ತೀರ್ಪನ್ನು ತಳ್ಳಿಹಾಕಿದಾಗ ಕೇಂದ್ರ ಮರುಪರಿಶೀಲನಾ ಅರ್ಜಿ ಹಾಕಿತು. ಅಂತೂ ಕಲಂನ ಹಲ್ಲು ಕಿತ್ತದ್ದು ಸುಪ್ರೀಂ ಕೋರ್ಟಿನದೇ 2018ರ ಸೆಪ್ಟೆಂಬರ್ 6ರ ತೀರ್ಪು, ಯಾವ ಮಸೂದೆಯೂ ಅಲ್ಲ.

2021ರಲ್ಲಿ ಕರ್ನಾಟಕ ಸರ್ಕಾರಿ ನೌಕರಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1ರ ಮೀಸಲಾತಿ ತಂದಿತು. ದೇಶದಲ್ಲಿ ಇದೇ ಮೊದಲು. ಮಹಿಳಾ ಮೀಸಲಾತಿ 2023ರ ಸೆಪ್ಟೆಂಬರ್‌ನಲ್ಲಿ ಸಂವಿಧಾನದ 106ನೇ ತಿದ್ದುಪಡಿಯಾಗಿ ಅಂಗೀಕಾರವಾಯಿತು. ಆದರೆ ಜನಗಣತಿ ಮತ್ತು ಕ್ಷೇತ್ರ ಮರುವಿಂಗಡಣೆ ಮುಗಿದ ಮೇಲಷ್ಟೇ ಜಾರಿ ಎಂಬ ಷರತ್ತು ಅದಕ್ಕೆ ಅಂಟಿಕೊಂಡಿತ್ತು. ಅದೇ ವರ್ಷದ ವಿಧಾನಸಭಾ ಚುನಾವಣೆಯಲ್ಲಿ ಉಡುಪಿ ಜಿಲ್ಲೆಯ ಬೈಂದೂರು, ಕುಂದಾಪುರ, ಉಡುಪಿ, ಕಾಪು, ಕಾರ್ಕಳ ಐದೂ ಕ್ಷೇತ್ರಗಳಿಂದ ಗೆದ್ದವರು ಗಂಡಸರೇ.