ಕಡಲ ಬಣ್ಣದ ಲೆಕ್ಕ: ಸಸ್ಯಪ್ಲವಕಗಳ ಉಪಗ್ರಹ ಮಾಪನದ ಚರಿತ್ರೆ

ಕಡಲಲ್ಲಿ ತೇಲುವ ಸೂಕ್ಷ್ಮಸಸ್ಯಗಳಾದ ಸಸ್ಯಪ್ಲವಕಗಳ ಪತ್ರಹರಿತ್ತು ನೀಲಿ ಬೆಳಕನ್ನು ಹೀರುತ್ತದೆ, ಹಸಿರನ್ನು ಬಹುಪಾಲು ಬಿಟ್ಟುಕೊಡುತ್ತದೆ. ಪ್ಲವಕ ಹೆಚ್ಚಿದಷ್ಟೂ ನೀರಿನಿಂದ ಮರಳುವ ನೀಲಿ ಕುಗ್ಗುತ್ತದೆ. ಜಾರ್ಜ್ ಕ್ಲಾರ್ಕ್, ಗಿಫರ್ಡ್ ಯೂಯಿಂಗ್, ಕಾರ್ಲ್ ಲೊರೆನ್ಸೆನ್ ಇದನ್ನು ವಿಮಾನದಿಂದ ಅಳೆದು 1970ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ತೊಡಕೂ ಅಲ್ಲೇ ಕಂಡಿತ್ತು: ವಿಮಾನ ಮೇಲೇರಿದಂತೆ ಗಾಳಿಯಲ್ಲಿ ಚದುರಿದ ಬೆಳಕು ಕಡಲಿನ ಬೆಳಕನ್ನು ಮಸುಕಾಗಿಸುತ್ತಿತ್ತು.

ಈ ವಿದ್ಯೆಯ ಚರಿತ್ರೆಯನ್ನು ಉಡಾವಣೆಗಳ ಪಟ್ಟಿಯಾಗಿ ಬರೆಯುವುದು ರೂಢಿ. ನನಗೆ ಅದು ಕಳೆಯುವ ಲೆಕ್ಕದ ಚರಿತ್ರೆಯಾಗಿಯೇ ಕಾಣುತ್ತದೆ. 1978ರ ಅಕ್ಟೋಬರಿನಲ್ಲಿ ನಿಂಬಸ್-7 ಉಪಗ್ರಹ ಹೊತ್ತೊಯ್ದ, ಕಡಲಿನ ಬಣ್ಣ ಅಳೆಯುವ ಸಿಝೆಡ್‌ಸಿಎಸ್ ಉಪಕರಣಕ್ಕೆ ತಲುಪುತ್ತಿದ್ದ ಬೆಳಕಿನಲ್ಲಿ ಶೇ. 90ರಷ್ಟು ವಾಯುಮಂಡಲದ್ದೇ. ಮಯಾಮಿ ವಿಶ್ವವಿದ್ಯಾಲಯದ ಹೊವಾರ್ಡ್ ಗಾರ್ಡನ್ ಅದನ್ನು ಕಳೆಯುವ ದಾರಿ ತೋರಿದರು. 670 ನ್ಯಾನೋಮೀಟರಿನ ಕೆಂಪು ಬೆಳಕಿನಲ್ಲಿ ತಿಳಿನೀರು ಹೆಚ್ಚುಕಡಿಮೆ ಕಪ್ಪು. ಅಲ್ಲಿ ಕಂಡದ್ದೆಲ್ಲ ಗಾಳಿಯದೆಂದು ಹಿಡಿದು, ನೀಲಿ-ಹಸಿರಿನಿಂದಲೂ ಗಾಳಿಯ ಪಾಲನ್ನು ಲೆಕ್ಕಹಾಕಿ ತೆಗೆಯುವುದು. ನಡುಗಡಲಿನಲ್ಲಿ ಇದು ನಡೆಯಿತು. ನದಿಗಳು ಕೆಸರು ತಂದು ಸುರಿಯುವ ದಡದಲ್ಲಿ ನೀರು ಕೆಂಪಿನಲ್ಲೂ ಹೊಳೆಯುವುದರಿಂದ ಲೆಕ್ಕ ಎಡವಿತು.

ಆ ಉಪಕರಣ 1986ರಲ್ಲಿ ಕಣ್ಣು ಮುಚ್ಚಿತು. ಉತ್ತರಾಧಿಕಾರಿ ಸೀವಿಫ್ಸ್ ಮೇಲೇರಿದ್ದು 1997ರ ಆಗಸ್ಟ್ 1ರಂದು. ನಡುವಿನ ಹನ್ನೊಂದು ವರ್ಷಗಳ ಕಂದಕ ಕೊಟ್ಟ ಪೆಟ್ಟು ಸಣ್ಣದಲ್ಲ. ಎರಡರ ದತ್ತಾಂಶಗಳನ್ನು ಹೋಲಿಸಿದ ಸಂಶೋಧಕರಾದ ಗ್ರೆಗ್ ಮತ್ತು ಕಾಂಕ್‌ರೈಟ್, ಜಾಗತಿಕ ಪತ್ರಹರಿತ್ತು ಸುಮಾರು ಶೇ. 6 ಇಳಿದಿದೆಯೆಂದು 2002ರಲ್ಲಿ ಬರೆದರು. 2005ರಲ್ಲಿ ಆಂಟ್ವಾನ್ ಮತ್ತು ಸಂಗಡಿಗರು (ಗಾರ್ಡನ್ ಕೂಡ ಅವರಲ್ಲೊಬ್ಬರು) ಎರಡಕ್ಕೂ ಒಂದೇ ಸೂತ್ರ ಹಚ್ಚಿ ನೋಡಿದಾಗ ಸಿಕ್ಕಿದ್ದು ಸುಮಾರು ಶೇ. 22ರ ಏರಿಕೆ! ಉಪಗ್ರಹಗಳು ಅವೇ, ಉತ್ತರ ತದ್ವಿರುದ್ಧ. ಬದಲಾದದ್ದು ಕಡಲೋ ಸಂಸ್ಕರಣೆಯೋ ಎಂದು ಕೇಳದೆ ಇಂಥ ಶೇಕಡಾವಾರುಗಳನ್ನು ಉದ್ಧರಿಸುವುದು ಅಪಾಯ.

ಬದಲಾದದ್ದು ಉಪಕರಣವೇ ಇರಬಹುದೆಂಬ ಶಂಕೆಗೆ ಸೀವಿಫ್ಸ್ ತಂಡ ಮೊದಲೇ ಏರ್ಪಾಡು ಮಾಡಿಕೊಂಡಿತ್ತು. ಉಪಗ್ರಹ ತಿಂಗಳಿಗೊಮ್ಮೆ ಪಲ್ಟಿ ಹೊಡೆದು ಚಂದ್ರನನ್ನು ನೋಡುತ್ತಿತ್ತು. ಚಂದ್ರನ ಮೇಲ್ಮೈ ಮಾಸುವುದಿಲ್ಲ, ಆದ್ದರಿಂದ ಅಳತೆ ಸರಿದರೆ ಉಪಕರಣವೇ ಮುದಿಯಾಗುತ್ತಿದೆ ಎಂದರ್ಥ. ಜತೆಗೆ ಹವಾಯಿಯ ಲನಾಯ್ ದ್ವೀಪದ ಬಳಿ ಲಂಗರು ಹಾಕಿದ ಮೋಬಿ ಎಂಬ ತೇಲುಯಂತ್ರ ನೀರಿನಿಂದ ಮರಳುವ ಬೆಳಕನ್ನು ಅಲ್ಲೇ ಅಳೆದು ತಾಳೆಗೆ ಒದಗಿಸುತ್ತಿತ್ತು.

ಭಾರತದ ಓಷನ್‌ಸ್ಯಾಟ್-1 ಹಾರಿದ್ದು 1999ರ ಮೇ 26ರಂದು. ಅದರ ಬಣ್ಣಮಾಪಕ ಓಸಿಎಂ 360 ಮೀಟರ್ ಚೌಕಗಳಲ್ಲಿ ಕಡಲನ್ನು ನೋಡಬಲ್ಲದಾಗಿತ್ತು. ಸೀವಿಫ್ಸಿಗೆ ಸುಮಾರು ಒಂದು ಕಿಲೋಮೀಟರ್ ಬೇಕಿತ್ತು. ಹೈದರಾಬಾದಿನ ಕಡಲ ಮಾಹಿತಿ ಸಂಸ್ಥೆ ಇನ್‌ಕಾಯಿಸ್ ಮೀನುಗಾರರಿಗೆ ಕೊಡುವ, ಮೀನು ಸಿಗುವ ಜಾಗದ ಮುನ್ಸೂಚನೆಗೆ ನೀರಿನ ಉಷ್ಣತೆಯ ಜತೆ ಪತ್ರಹರಿತ್ತಿನ ನಕಾಶೆಯೂ ಆಧಾರ. ಆದರೆ ನಮ್ಮ ಪಶ್ಚಿಮ ಕರಾವಳಿಯಲ್ಲಿ ತಳದ ಪೋಷಕಾಂಶ ಮೇಲೆದ್ದು ಪ್ಲವಕ ಕೊಬ್ಬುವುದು ಮುಂಗಾರಿನಲ್ಲಿ, ಮೋಡ ಕವಿದಿರುವುದೂ ಆಗಲೇ. ಆ ತಿಂಗಳುಗಳ ನಕಾಶೆಯೆಂದರೆ ಮೋಡ ಸರಿದ ಕೆಲವೇ ದಿನಗಳ ಸರಾಸರಿ. ಬೂತಾಯಿ ಮೀನಿನ ಇಳುವರಿಗೂ ಪ್ಲವಕಕ್ಕೂ ನಂಟು ಹುಡುಕುವವರು ಆ ಖಾಲಿ ಚೌಕಗಳನ್ನು ಯಾವ ವಿಧಾನದಿಂದ ತುಂಬಿದ್ದಾರೆಂದು ಮೊದಲು ಹೇಳಬೇಕು.