ಬಡ ಮಗುವಿನ ಹೆಸರಿನ ಹಣ

1965ರ ಏಪ್ರಿಲ್ 11ರಂದು ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ಟೆಕ್ಸಾಸಿನಲ್ಲಿ ತಾವು ಅಕ್ಷರ ಕಲಿತ ಹಳ್ಳಿ ಶಾಲೆಯ ಮುಂದೆ ಮೇಜು ಹಾಕಿಸಿದರು. ತಮಗೆ ಮೊದಲು ಓದು ಕಲಿಸಿದ ಟೀಚರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಒಂದು ಕಾಯ್ದೆಗೆ ಸಹಿ ಹಾಕಿದರು. ಅವರೂ ಒಂದು ಕಾಲಕ್ಕೆ ಮೇಷ್ಟರಾಗಿದ್ದವರು. 1928ರಲ್ಲಿ ಕಟುಲ್ಲಾ ಎಂಬ ಊರಿನಲ್ಲಿ ಮೆಕ್ಸಿಕನ್ ಮೂಲದ ಬಡವರ ಮಕ್ಕಳಿಗೆ ಪಾಠ ಹೇಳಿದ್ದರು. ಬಡ ಮಕ್ಕಳು ಹೆಚ್ಚಿರುವ ಶಾಲೆಗಳಿಗೆ ಕೇಂದ್ರ ಸರ್ಕಾರವೇ ವರ್ಷಕ್ಕೆ ಸುಮಾರು 100 ಕೋಟಿ ಡಾಲರ್ ಕೊಡಬೇಕು ಎಂಬುದು ಆ ಕಾಯ್ದೆಯ ‘ಟೈಟಲ್ ಒನ್’ ಭಾಗದ ಸಾರ. ಬಡ ಮಗುವಿನ ಹೆಸರಿನಲ್ಲಿ ಶಾಲೆಗೆ ಹಣ ಕೊಟ್ಟರೆ ಆ ಮಗುವಿನ ಕಲಿಕೆ ಸುಧಾರಿಸುತ್ತದೆಯೇ ಎಂಬ ಚರ್ಚೆ ಕಾವೇರಿದ್ದು ಅಲ್ಲಿಂದ. ಅರವತ್ತು ವರ್ಷವಾದರೂ ಅದು ಆರಿಲ್ಲ.

ಹಣದ ಮೇಲಿಟ್ಟ ಭರವಸೆಗೆ ಮರುವರ್ಷವೇ ತಣ್ಣೀರು ಬಿತ್ತು. ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ ನೇತೃತ್ವದ ತಂಡ ಸುಮಾರು 4,000 ಶಾಲೆಗಳ ಆರು ಲಕ್ಷದಷ್ಟು ಮಕ್ಕಳನ್ನು ಪರೀಕ್ಷಿಸಿ 1966ರ ಜುಲೈನಲ್ಲಿ ವರದಿ ಕೊಟ್ಟಿತು. ಮಗುವಿನ ಅಂಕದಲ್ಲಿ ಕಾಣುವ ಏರುಪೇರಿಗೆ ಶಾಲೆಯ ಕಟ್ಟಡ, ಗ್ರಂಥಾಲಯ, ಖರ್ಚುವೆಚ್ಚಗಳಿಗಿಂತ ಮನೆಯ ಹಿನ್ನೆಲೆಯೇ ದೊಡ್ಡ ಕಾರಣ ಎಂದು ಅದು ಹೇಳಿತು. ಜನ ಇದನ್ನು ‘ಶಾಲೆಗೆ ಹಣ ಸುರಿಯುವುದು ದಂಡ’ ಎಂದು ಓದಿಕೊಂಡರು. ಒಳ್ಳೆಯ ಶಿಕ್ಷಕರಿದ್ದರೆ ಹೆಚ್ಚು ಲಾಭ ಅನುಕೂಲಸ್ಥರ ಮಕ್ಕಳಿಗಲ್ಲ, ಹಿಂದುಳಿದವರ ಮಕ್ಕಳಿಗೆ ಎಂಬ ಮಾತೂ ಅದೇ ವರದಿಯಲ್ಲಿತ್ತು. ಅದನ್ನು ಎತ್ತಿ ಹೇಳಿದವರು ಕಡಿಮೆ.

ನನ್ನ ಮಟ್ಟಿಗೆ ಈ ಕ್ಷೇತ್ರದ ನಿಜವಾದ ಪಾಠ ಕೋಲ್ಮನ್ ವರದಿಯದಲ್ಲ, 1969ರಲ್ಲಿ ಬಂದ ಒಂದು ಸಣ್ಣ ವರದಿಯದು. ರೂಬಿ ಮಾರ್ಟಿನ್ ಮತ್ತು ಫಿಲಿಸ್ ಮೆಕ್ಲೂರ್ ಎಂಬ ಇಬ್ಬರು ಮಹಿಳೆಯರು ಸರ್ಕಾರದ್ದೇ ಲೆಕ್ಕಪತ್ರ ತೆರೆದು ಕೂತು ಟೈಟಲ್ ಒನ್ ಹಣ ಎಲ್ಲಿ ಹೋಯಿತೆಂದು ಹುಡುಕಿದರು. ಎಷ್ಟೋ ಕಡೆ ಅದು ಬಡ ಮಕ್ಕಳ ಶಾಲೆಯ ಮಾಮೂಲಿ ಖರ್ಚಿಗೇ ಹೋಗಿತ್ತು. ಕೇಂದ್ರದ ಹಣ ಬಂತಲ್ಲ ಎಂದು ಸ್ಥಳೀಯ ಮಂಡಳಿಗಳು ತಮ್ಮ ಪಾಲನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡಿದ್ದವು. ಈಜುಕೊಳ ಕೊಂಡವರೂ ಇದ್ದರು. ಈ ಗದ್ದಲದ ನಂತರ 1970ರಲ್ಲಿ ನಿಯಮ ಬಿಗಿಯಾಯಿತು: ಈ ಹಣವನ್ನು ಇದ್ದದ್ದಕ್ಕೆ ಸೇರಿಸಬೇಕು, ಇದ್ದದ್ದನ್ನು ತೆಗೆದು ಅದರ ಜಾಗಕ್ಕೆ ತುಂಬಬಾರದು. ಒಂದು ಕೈ ಕೊಡುವಾಗ ಇನ್ನೊಂದು ಕೈ ಹಿಂದೆ ಸರಿಯುವ ಈ ಆಟ ಮುಂದೆ ಬೇರೆ ದೇಶಗಳಲ್ಲೂ ಕಾಣುತ್ತದೆ.

ಸ್ಥಳೀಯ ಪಾಲು ಎಂದರೆ ಏನೆಂದು ತಿಳಿಯಲು ಟೆಕ್ಸಾಸಿನ ಸ್ಯಾನ್ ಆಂಟೋನಿಯೊ ನೋಡಬೇಕು. ಅಲ್ಲಿ ಶಾಲೆಯ ಹಣದ ಒಂದು ಪಾಲು ಆಯಾ ಬಡಾವಣೆಯ ಆಸ್ತಿ ತೆರಿಗೆಯಿಂದ ಬರುತ್ತಿತ್ತು. ಬಡವರ ಎಡ್ಜ್‌ವುಡ್‌ನಲ್ಲಿ ಎಲ್ಲ ಮೂಲ ಸೇರಿ ಮಗುವಿಗೆ 356 ಡಾಲರ್. ಅದೇ ನಗರದ ಶ್ರೀಮಂತ ಅಲಾಮೊ ಹೈಟ್ಸ್‌ನಲ್ಲಿ 594. ಎಡ್ಜ್‌ವುಡ್‌ನ ಪೋಷಕ ಡಿಮೆಟ್ರಿಯೊ ರಾಡ್ರಿಗಸ್ ಮತ್ತು ಜೊತೆಗಾರರು ಹೂಡಿದ ದಾವೆಯನ್ನು ಸುಪ್ರೀಂ ಕೋರ್ಟ್ 1973ರಲ್ಲಿ 5–4ರ ಬಹುಮತದಿಂದ ತಳ್ಳಿಹಾಕಿತು. ಶಿಕ್ಷಣ ಅಲ್ಲಿನ ಸಂವಿಧಾನದ ಮೂಲಭೂತ ಹಕ್ಕಲ್ಲ ಎಂಬುದು ತೀರ್ಪು. ಆಮೇಲೆ ಹೋರಾಟ ರಾಜ್ಯಗಳ ನ್ಯಾಯಾಲಯಗಳಿಗೆ ಹಂಚಿಹೋಯಿತು.

1986ರಲ್ಲಿ ಅರ್ಥಶಾಸ್ತ್ರಜ್ಞ ಎರಿಕ್ ಹನುಶೆಕ್ ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ, ಖರ್ಚಿಗೂ ಕಲಿಕೆಗೂ ಗಟ್ಟಿಯಾದ, ಕ್ರಮಬದ್ಧವಾದ ನಂಟು ಕಾಣುವುದಿಲ್ಲ ಎಂದರು. 1994ರಲ್ಲಿ ಲ್ಯಾರಿ ಹೆಜಸ್ ಮತ್ತು ಸಂಗಡಿಗರು ಅದೇ ಅಧ್ಯಯನಗಳನ್ನು ಬೇರೆ ವಿಧಾನದಲ್ಲಿ ಕೂಡಿ ನೋಡಿ, ನಂಟು ಇದೆ ಎಂದರು. ಒಂದೇ ರಾಶಿಯಿಂದ ಎರಡು ತೂಕ! ಹನುಶೆಕ್ ಪಕ್ಷದವರಿಗೆ ಕೈಗೆ ಸಿಕ್ಕ ಉದಾಹರಣೆ ಕ್ಯಾನ್ಸಸ್ ಸಿಟಿ. ಅಲ್ಲಿ ನ್ಯಾಯಾಲಯದ ಆದೇಶದಂತೆ ಹನ್ನೆರಡು ವರ್ಷಗಳಲ್ಲಿ ಸುಮಾರು 200 ಕೋಟಿ ಡಾಲರ್ ಸುರಿದು ಹೊಸ ಶಾಲೆ, ತಾರಾಲಯ, ಒಲಿಂಪಿಕ್ ಅಳತೆಯ ಈಜುಕೊಳ ಎಲ್ಲ ಕಟ್ಟಿದರು. ಅಂಕಗಳು ಮಾತ್ರ ಮೇಲೇಳಲಿಲ್ಲ.

ಇನ್ನೊಂದು ಪಕ್ಷಕ್ಕೆ ಬಲ ಬಂದದ್ದು ಟೆನೆಸ್ಸಿಯಿಂದ. 1985ರಿಂದ 79 ಶಾಲೆಗಳಲ್ಲಿ ಮಕ್ಕಳನ್ನು ಚೀಟಿ ಎತ್ತಿದಂತೆ ಚಿಕ್ಕ ಮತ್ತು ದೊಡ್ಡ ತರಗತಿಗಳಿಗೆ ಹಂಚಲಾಯಿತು. 13ರಿಂದ 17 ಮಕ್ಕಳ ತರಗತಿಯಲ್ಲಿ ಕೂತವರು, ಅದರಲ್ಲೂ ಕಪ್ಪುವರ್ಣೀಯರ ಮತ್ತು ಬಡವರ ಮಕ್ಕಳು, ಸ್ಪಷ್ಟವಾಗಿ ಮುಂದಿದ್ದರು. ಇದನ್ನು ಕಂಡು ಕ್ಯಾಲಿಫೋರ್ನಿಯಾ 1996ರಲ್ಲಿ ಇಡೀ ರಾಜ್ಯದಲ್ಲಿ ಒಮ್ಮೆಲೇ ತರಗತಿ ಚಿಕ್ಕದು ಮಾಡಲು ಹೊರಟಿತು. ಅಷ್ಟು ಶಿಕ್ಷಕರು ಎಲ್ಲಿದ್ದರು? ತರಬೇತಿ ಮುಗಿಯದವರನ್ನೂ ಸೇರಿಸಿಕೊಳ್ಳಬೇಕಾಯಿತು. ಅನುಭವಿಗಳು ಅನುಕೂಲಸ್ಥ ಬಡಾವಣೆಗಳತ್ತ ಸರಿದರು. ಬಡ ಶಾಲೆಗಳಿಗೆ ಉಳಿದವರು ಹೊಸಬರು.

2016ರಲ್ಲಿ ಕಿರಾಬೊ ಜಾಕ್ಸನ್, ರಕರ್ ಜಾನ್ಸನ್, ಕ್ಲಾಡಿಯಾ ಪರ್ಸಿಕೊ ಪ್ರಕಟಿಸಿದ ಅಧ್ಯಯನ ಪ್ರಶ್ನೆಯ ಗಡುವನ್ನೇ ಬದಲಿಸಿತು. ಅವರು ಮರುವರ್ಷದ ಅಂಕ ನೋಡಲಿಲ್ಲ. ನ್ಯಾಯಾಲಯದ ತೀರ್ಪುಗಳಿಂದ ಶಾಲೆಯ ಹಣ ಹೆಚ್ಚಿದ ಕಡೆ ಓದಿದ, 1955ರಿಂದ 1985ರ ನಡುವೆ ಹುಟ್ಟಿದ ಮಕ್ಕಳು ದೊಡ್ಡವರಾಗಿ ಏನಾದರು ಎಂದು ಹಿಂಬಾಲಿಸಿದರು. ಹನ್ನೆರಡು ವರ್ಷವೂ ಶೇ 10ರಷ್ಟು ಹೆಚ್ಚು ಖರ್ಚಾದ ಮಕ್ಕಳು ಮುಂದೆ ಸುಮಾರು ಶೇ 7ರಷ್ಟು ಹೆಚ್ಚು ಕೂಲಿ ಗಳಿಸಿದ್ದರು. ಬಡ ಮನೆಗಳಿಂದ ಬಂದವರಲ್ಲಿ ಪರಿಣಾಮ ಇನ್ನೂ ದೊಡ್ಡದಾಗಿತ್ತು. ತೆಂಗಿನ ಸಸಿ ನೆಟ್ಟು ಮರುವರ್ಷವೇ ಕಾಯಿ ಎಣಿಸಲು ಹೋದವರಿಗೆ ಇದು ಉತ್ತರ.

ಇನ್ನು ಇಂಗ್ಲೆಂಡಿಗೆ ಬರೋಣ. ಬಡ ಮಗುವಿನ ಹೆಸರಿಗೇ ಹಣ ಕಟ್ಟುವ ಪ್ರಯೋಗವನ್ನು ಅಷ್ಟು ದೊಡ್ಡ ಮಟ್ಟದಲ್ಲಿ, ಅಷ್ಟು ಲೆಕ್ಕ ಇಟ್ಟು ಮಾಡಿದ ದೇಶಗಳು ಕಡಿಮೆ. ಅಲ್ಲೂ ಮೊದಲು ಹಣ ಹೋದದ್ದು ಪ್ರದೇಶಗಳಿಗೆ. 1967ರ ಪ್ಲೌಡನ್ ವರದಿ ಹಿಂದುಳಿದ ಪ್ರದೇಶಗಳನ್ನು ಗುರುತಿಸಿ ಅಲ್ಲಿನ ಶಾಲೆಗಳಿಗೆ ಹೆಚ್ಚು ಕೊಡಿ ಎಂದಿತು. ತೊಡಕು ಬೇಗ ಗೊತ್ತಾಯಿತು: ಲಂಡನ್ನಿನಲ್ಲಿ ಎಣಿಸಿದಾಗ ಬಡ ಮಕ್ಕಳಲ್ಲಿ ಹೆಚ್ಚಿನವರು ಆ ಗೆರೆಯ ಹೊರಗಿನ ಶಾಲೆಗಳಲ್ಲೇ ಇದ್ದರು. ನೆದರ್‌ಲ್ಯಾಂಡ್ಸ್ 1985ರಲ್ಲಿ ಬೇರೆ ದಾರಿ ಹಿಡಿದು ಮಗುವಿಗೇ ತೂಕ ಕೊಟ್ಟಿತು. ಹೆಚ್ಚು ಓದದ ಡಚ್ ಪೋಷಕರ ಮಗುವನ್ನು 1.25 ಎಂದೂ, ಅಂಥದೇ ವಲಸೆ ಕುಟುಂಬದ ಮಗುವನ್ನು 1.9 ಎಂದೂ ಎಣಿಸಿ ಶಾಲೆಗೆ ಸಂಪನ್ಮೂಲ ಕೊಡುವ ಪದ್ಧತಿ ಅದು.

ಇಂಗ್ಲೆಂಡಿನಲ್ಲಿ 2011ರ ಏಪ್ರಿಲ್‌ನಲ್ಲಿ ‘ಪ್ಯೂಪಿಲ್ ಪ್ರೀಮಿಯಂ’ ಬಂತು. ಲಿಬರಲ್ ಡೆಮಾಕ್ರಟರು ಚುನಾವಣೆಯಲ್ಲಿ ಕೊಟ್ಟ ಮಾತದು. ಕನ್ಸರ್ವೇಟಿವರ ಜೊತೆಗಿನ ಮೈತ್ರಿ ಸರ್ಕಾರ ಅದನ್ನು ಜಾರಿ ಮಾಡಿತು. ಉಚಿತ ಊಟಕ್ಕೆ ಅರ್ಹವಾದ ಪ್ರತಿ ಮಗುವಿನ ಲೆಕ್ಕದಲ್ಲಿ ಶಾಲೆಗೆ ಹೆಚ್ಚುವರಿ ಹಣ. ಮರುವರ್ಷದಿಂದ ಹಿಂದಿನ ಆರು ವರ್ಷಗಳಲ್ಲಿ ಒಮ್ಮೆ ಅರ್ಹವಾಗಿದ್ದರೂ ಸಾಕಾಯಿತು. 2014–15ರ ಹೊತ್ತಿಗೆ ಪ್ರಾಥಮಿಕ ಶಾಲೆಯ ಮಗುವಿಗೆ 1,300 ಪೌಂಡ್. ಒಟ್ಟು ವರ್ಷಕ್ಕೆ 250 ಕೋಟಿ ಪೌಂಡ್. ಹೇಗೆ ಖರ್ಚು ಮಾಡಬೇಕೆಂಬುದು ಮುಖ್ಯಶಿಕ್ಷಕರಿಗೆ ಬಿಟ್ಟದ್ದು.

ಸ್ವಾತಂತ್ರ್ಯವೇನೋ ಸಿಕ್ಕಿತು, ಕೈ ಹೋದದ್ದು ಮಾತ್ರ ರೂಢಿಯ ದಾರಿಗೆ. ಎಷ್ಟೋ ಶಾಲೆಗಳು ಆ ಹಣವನ್ನು ತರಗತಿ ಸಹಾಯಕಿಯರ ಸಂಬಳಕ್ಕೆ ಹಾಕಿದವು. ಅದೇ ಹೊತ್ತಿಗೆ ಪೀಟರ್ ಬ್ಲಾಚ್‌ಫರ್ಡ್ ತಂಡದ ದೀರ್ಘ ಅಧ್ಯಯನ ಒಂದು ಮುಜುಗರದ ಸಂಗತಿ ಹೊರಗಿಟ್ಟಿತ್ತು: ಸಹಾಯಕಿಯರ ನೆರವು ಹೆಚ್ಚು ಸಿಕ್ಕ ಮಕ್ಕಳು ಅಂಥದೇ ಬೇರೆ ಮಕ್ಕಳಿಗಿಂತ ಕಡಿಮೆ ಮುನ್ನಡೆದಿದ್ದರು. ತಪ್ಪು ಆ ಹೆಂಗಸರದಲ್ಲ. ಹಿಂದುಳಿದ ಮಗುವನ್ನು ಮೂಲೆಯ ಮೇಜಿಗೆ, ಸಹಾಯಕಿಯ ಪಕ್ಕಕ್ಕೆ ಕಳಿಸಿದ ಮೇಲೆ ತರಬೇತಾದ ಶಿಕ್ಷಕಿಯ ಗಮನ ಆ ಮಗುವಿನಿಂದ ದೂರ ಸರಿಯುತ್ತಿತ್ತು. ನೋಡಿ, ಮತ್ತೆ ಅದೇ ಆಟ. ಈ ಸಲ ಹಿಂದೆ ಸರಿದದ್ದು ಹಣವಲ್ಲ, ಶಿಕ್ಷಕಿ. ಅದೇ ಸಹಾಯಕಿಗೆ ತರಬೇತಿ ಕೊಟ್ಟು, ಪಾಠದ ಜೊತೆಗೆ ಹೆಚ್ಚುವರಿಯಾಗಿ, ಮೂರ್ನಾಲ್ಕು ಮಕ್ಕಳಿಗೆ ಗೊತ್ತುಪಡಿಸಿದ ಓದಿನ ಅಭ್ಯಾಸ ಮಾಡಿಸಿದಾಗ ಕಲಿಕೆ ಚೆನ್ನಾಗಿಯೇ ಏರಿತು.

ಇದನ್ನೆಲ್ಲ ಅಳೆಯಲೆಂದೇ ಸರ್ಕಾರ 2011ರಲ್ಲಿ 12.5 ಕೋಟಿ ಪೌಂಡ್ ಇಡುಗಂಟು ಕೊಟ್ಟು ‘ಎಜುಕೇಶನ್ ಎಂಡೋಮೆಂಟ್ ಫೌಂಡೇಶನ್’ ಎಂಬ ಸಂಸ್ಥೆ ಆರಂಭಿಸಿತು. ಯಾವ ಉಪಾಯಕ್ಕೆ ಎಷ್ಟು ಖರ್ಚು, ಅದರಿಂದ ಮಗು ಎಷ್ಟು ತಿಂಗಳ ಕಲಿಕೆ ಮುಂದೆ ಹೋಗುತ್ತದೆ ಎಂಬ ಪಟ್ಟಿ ಈಗ ಮುಖ್ಯಶಿಕ್ಷಕರ ಮೇಜಿನ ಮೇಲಿದೆ. ತಿಂಗಳ ಲೆಕ್ಕ ತೀರಾ ಸರಳ ಎಂದು ಮೂಗುಮುರಿಯುವ ಸಂಶೋಧಕರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಆದರೂ ರೂಢಿಯ ಮೇಲೆ ಖರ್ಚು ಮಾಡುವುದಕ್ಕಿಂತ ಈ ಪಟ್ಟಿ ಮೇಲು.

ಫಲ? ಬಡ ಮಕ್ಕಳಿಗೂ ಉಳಿದವರಿಗೂ ಇರುವ ಅಂತರವನ್ನು ಅಲ್ಲಿ ಒಂದು ಸೂಚ್ಯಂಕದಲ್ಲಿ ಅಳೆಯುತ್ತಾರೆ. ಸೊನ್ನೆ ಬಂದರೆ ಅಂತರವಿಲ್ಲ ಎಂದರ್ಥ. ಪ್ರಾಥಮಿಕ ಹಂತದ ಕೊನೆಯಲ್ಲಿ ಅದು 2011ರಲ್ಲಿ 3.34 ಇದ್ದದ್ದು 2019ಕ್ಕೆ 2.91ಕ್ಕೆ ಇಳಿಯಿತು. ಕೋವಿಡ್ ಬಂದು ಹೋದ ಮೇಲೆ 2022ರಲ್ಲಿ 3.23. ಎಂಟು ವರ್ಷ ಹತ್ತಿದ ಮೆಟ್ಟಿಲುಗಳಲ್ಲಿ ಹೆಚ್ಚಿನವನ್ನು ಮೂರೇ ವರ್ಷದಲ್ಲಿ ಇಳಿದಂತಾಯಿತು. ಈ ನಷ್ಟ ತುಂಬಲು ಸರ್ಕಾರ ನೇಮಿಸಿದ್ದು ಸರ್ ಕೆವನ್ ಕಾಲಿನ್ಸ್ ಅವರನ್ನು. ಮೇಲೆ ಹೇಳಿದ ಫೌಂಡೇಶನ್ನಿನ ಮೊದಲ ಮುಖ್ಯಸ್ಥ. ಅವರು ಕೇಳಿದ್ದು ಸುಮಾರು 1,500 ಕೋಟಿ ಪೌಂಡ್, ಸರ್ಕಾರ ಘೋಷಿಸಿದ್ದು 140 ಕೋಟಿ. 2021ರ ಜೂನ್‌ನಲ್ಲಿ ಅವರು ರಾಜೀನಾಮೆ ಕೊಟ್ಟು ನಡೆದರು.

ಈ ನಡುವೆ ಪ್ರೀಮಿಯಂ ಮೊತ್ತ ಬೆಲೆ ಏರಿಕೆಗೆ ಸಮನಾಗಿ ಏರಲಿಲ್ಲ, ಶಾಲೆಗಳ ಮೂಲ ಬಜೆಟ್ಟೂ ಬಿಗಿಯಾಯಿತು. ಅಲ್ಲಿನ ಸಟನ್ ಟ್ರಸ್ಟ್ ಎಂಬ ಸಂಸ್ಥೆ ಇತ್ತೀಚೆಗೆ ಕೇಳಿದಾಗ, ಬಜೆಟ್ಟಿನ ತೂತು ಮುಚ್ಚಲು ಈ ಹಣ ಬಳಸುತ್ತಿದ್ದೇವೆ ಎಂದು ಒಪ್ಪಿಕೊಂಡ ಶಾಲಾ ಮುಖ್ಯಸ್ಥರು ಅರ್ಧಕ್ಕೆ ಹತ್ತಿರವಿದ್ದರು. 1969ರ ಆ ಇಬ್ಬರು ಮಹಿಳೆಯರಿಗೆ ಇದರಲ್ಲಿ ಹೊಸತೇನೂ ಕಾಣುತ್ತಿರಲಿಲ್ಲ.

ಹಿಂದೆ ಸರಿಯುವ ಕೈ ಮನೆಯದೂ ಆಗಬಹುದೆಂದು ತೋರಿಸಿದ್ದು ನಮ್ಮ ನೆರೆಯ ಆಂಧ್ರಪ್ರದೇಶ. ರಾಜ್ಯ ಸರ್ಕಾರ, ವಿಶ್ವಬ್ಯಾಂಕ್ ಮತ್ತು ಬೆಂಗಳೂರಿನ ಅಜೀಂ ಪ್ರೇಮ್‌ಜಿ ಫೌಂಡೇಶನ್ ಸೇರಿ ಅಲ್ಲಿನ ಸರ್ಕಾರಿ ಶಾಲೆಗಳಿಗೆ ಕಲಿಕಾ ಸಾಮಗ್ರಿಗೆಂದು ಸಣ್ಣ ಅನುದಾನ ಕೊಟ್ಟು ನೋಡಿದವು. ಮೊದಲ ವರ್ಷ ಯಾರೂ ನಿರೀಕ್ಷಿಸದೆ ಬಂದ ಹಣ, ಅಂಕಗಳು ಏರಿದವು. ಎರಡನೆಯ ವರ್ಷ ಹಣ ಬರುತ್ತದೆಂದು ಮನೆಯವರಿಗೆ ಗೊತ್ತಿತ್ತು. ನೋಟ್ ಪುಸ್ತಕ ಶಾಲೆಯಲ್ಲೇ ಸಿಗುತ್ತದಲ್ಲ ಎಂದು ಅವರು ತಮ್ಮ ಖರ್ಚು ಕಡಿತ ಮಾಡಿದರು. ಅಂಕದ ಏರಿಕೆ ನಿಂತಿತು. ಜಿಷ್ಣು ದಾಸ್, ಕಾರ್ತಿಕ್ ಮುರಳೀಧರನ್ ಮತ್ತಿತರರು ಇದನ್ನು 2013ರಲ್ಲಿ ಪ್ರಕಟಿಸಿದರು. ಆ ಪೋಷಕರನ್ನು ನಾನು ದೂರಲಾರೆ. ಉಳಿದ ರೂಪಾಯಿ ಅಕ್ಕಿಗೋ ಔಷಧಿಗೋ ಹೋಗಿರುತ್ತದೆ. ಬಡ ಮನೆಗೆ ಅದೂ ಲಾಭವೇ. ಆದರೆ ಪರೀಕ್ಷೆಯ ಅಂಕದಲ್ಲಿ ಅದು ಕಾಣುವುದಿಲ್ಲ.

ಮನೆ ಕೊಡಲಾಗದ್ದನ್ನು ಶಾಲೆ ಕೊಟ್ಟಾಗ ಕಥೆ ಬೇರೆ. ಮುಂಬೈ ಮತ್ತು ವಡೋದರಾದಲ್ಲಿ ಪ್ರಥಮ್ ಸಂಸ್ಥೆ ‘ಬಾಲಸಖಿ’ಯರೆಂದು ಅದೇ ಬಡಾವಣೆಯ ಯುವತಿಯರನ್ನು ನೇಮಿಸಿ, ಓದಲು ಬಾರದ ಮೂರು–ನಾಲ್ಕನೇ ತರಗತಿ ಮಕ್ಕಳಿಗೆ ದಿನಕ್ಕೆ ಎರಡು ಗಂಟೆ ಬುನಾದಿ ಪಾಠ ಮಾಡಿಸಿತು. ಅವರ ಸಂಬಳ ತಿಂಗಳಿಗೆ 500ರಿಂದ 750 ರೂಪಾಯಿ. ಕಲಿಕೆ ಏರಿತು, ಅದರಲ್ಲೂ ತೀರಾ ಹಿಂದಿದ್ದ ಮಕ್ಕಳದು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಈ ಅಧ್ಯಯನ, ಇಂಗ್ಲೆಂಡಿನ ತರಬೇತಾದ ಸಹಾಯಕಿಯರ ಕಥೆಯನ್ನು ಮುಂಚೆಯೇ ಹೇಳಿದಂತಿದೆ.

ಕರ್ನಾಟಕ ಈ ದಾರಿಯಲ್ಲಿ ಎಲ್ಲಿದೆ? ನಾವಿನ್ನೂ ಬಹುಮಟ್ಟಿಗೆ ಪ್ರದೇಶದ ಲೆಕ್ಕದಲ್ಲೇ ಇದ್ದೇವೆ. ನಂಜುಂಡಪ್ಪ ಸಮಿತಿ 2002ರಲ್ಲಿ ಹಿಂದುಳಿದ ತಾಲ್ಲೂಕುಗಳ ಪಟ್ಟಿ ಕೊಟ್ಟಿತು, 2013ರಲ್ಲಿ ಸಂವಿಧಾನದ 371ಜೆ ವಿಧಿ ಬಂತು, ಕಲ್ಯಾಣ ಕರ್ನಾಟಕದ ಮಂಡಳಿಗೆ ಪ್ರತ್ಯೇಕ ಹಣ ಬಂತು. ಸಮಗ್ರ ಶಿಕ್ಷಣದ ಶಾಲಾ ಅನುದಾನವೋ, ತಲೆ ಎಣಿಸಿ ಕೊಡುವಂಥದ್ದು. ಆ ತಲೆ ಯಾವ ಮನೆಯದೆಂದು ಕೇಳುವುದಿಲ್ಲ. 2025ರ ಎಸ್ಸೆಸ್ಸೆಲ್ಸಿಯಲ್ಲಿ ದಕ್ಷಿಣ ಕನ್ನಡದ ಫಲಿತಾಂಶ ಶೇ 91.12, ಕಲಬುರಗಿಯದು ಶೇ 42.43. ಇಷ್ಟು ಅಂತರವಿರುವಾಗ ಪ್ರದೇಶದ ಲೆಕ್ಕವನ್ನು ಬಿಡಿ ಎನ್ನಲಾರೆ. ಆದರೆ ಮಂಗಳೂರಿನ ಶಾಲೆಯಲ್ಲಿ ಕೂತಿರುವ, ಬಾಗಲಕೋಟೆಯಿಂದ ಕೂಲಿಗೆ ಬಂದವರ ಮಗು ಈ ಯಾವ ಗೆರೆಯೊಳಗೂ ಬರುವುದಿಲ್ಲ.

ನಿಮ್ಮೂರ ಶಾಲೆಯ ಎಸ್‌ಡಿಎಂಸಿ ಸಭೆಗೆ ಹೋಗುವವರಿದ್ದರೆ, ಹೊಸ ಅನುದಾನ ಎಷ್ಟು ಬಂತು ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ಅದು ಬರುವ ಮುಂಚೆ ಆ ಕೆಲಸಕ್ಕೆ ಹಣ ಎಲ್ಲಿಂದ ಬರುತ್ತಿತ್ತು, ಈಗ ಆ ಹಣ ಎಲ್ಲಿ ಹೋಯಿತು ಎಂದೂ ಕೇಳಿ.